ಮರೆವಿನ ಕಾಯಿಲೆಗೆ ಸರ್ಕಾರದ ದುಡ್ಡು: ಸಂಶೋಧನೆಗೆ ಮೊದಲಾ, ಮನೆಯಲ್ಲಿ ನೋಡಿಕೊಳ್ಳುವವರಿಗೆ ಮೊದಲಾ?

ಕಾಪುವಿನ ಮಗಳು:

ಇಲ್ಲಿ ಕರಾವಳಿಯವರೇ ಜಾಸ್ತಿ ಇದ್ದೀರಿ, ಹಾಗಾಗಿ ಈ ಮಾತು ಎತ್ತುತ್ತಿದ್ದೇನೆ. 2024-25ರ ರಾಜ್ಯ ಬಜೆಟ್‌ನಲ್ಲಿ ಒಂದು ಒಳ್ಳೆ ಘೋಷಣೆ ಬಂದಿತ್ತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹೀಗೆ ಮೆದುಳು, ನರ, ಸ್ನಾಯುವಿನ ನಾಲ್ಕು ತೊಂದರೆ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿ ಭತ್ಯೆ. ಮೊತ್ತ ಸಣ್ಣದು. ಆದರೂ ನೋಡಿಕೊಳ್ಳುವುದು ಕೂಡ ಒಂದು ದುಡಿಮೆ ಅಂತ ಸರ್ಕಾರ ಒಪ್ಪಿಕೊಂಡಿತಲ್ಲ, ನನಗೆ ಅದೇ ದೊಡ್ಡದು ಅನಿಸಿತು. ಪಟ್ಟಿಯನ್ನು ಮತ್ತೆ ಮತ್ತೆ ಓದಿದೆ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ಇಲ್ಲ. ಅದರಲ್ಲೇ ಜಾಸ್ತಿ ಕಾಣುವ ಅಲ್‌ಝೈಮರ್ಸ್ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಹೀಗೇ. 21 ಬಗೆಯ ಅಂಗವೈಕಲ್ಯ ಹೇಳಿದ್ದಾರೆ. ಪಾರ್ಕಿನ್ಸನ್ ಉಂಟು, ಮಲ್ಟಿಪಲ್ ಸ್ಕ್ಲೆರೋಸಿಸ್ ಉಂಟು, ದೀರ್ಘಕಾಲದ ನರರೋಗಗಳು ಅಂತ ಒಂದು ಸಾಲೂ ಉಂಟು, ಆದರೆ ಡಿಮೆನ್ಶಿಯಾ ಅಂತ ಹೆಸರು ಹಿಡಿದು ಹೇಳಿಲ್ಲ. ಹೆಸರಿಲ್ಲದ ಮೇಲೆ ಪ್ರತಿ ಕಚೇರಿಯಲ್ಲೂ ನಾವೇ ನಿಂತು ವಾದ ಮಾಡಬೇಕು. ಆದಾಯ ತೆರಿಗೆಯವರಿಗೆ ಮಾತ್ರ ಈ ಕಾಯಿಲೆ ಗೊತ್ತುಂಟು. 80ಡಿಡಿಬಿ ಅಂತ ಕರೆಯುವ ರಿಯಾಯಿತಿಯಲ್ಲಿ ಡಿಮೆನ್ಶಿಯಾ, ಪಾರ್ಕಿನ್ಸನ್, ಮೋಟಾರ್ ನ್ಯೂರಾನ್ ಕಾಯಿಲೆ ಮೂರರ ಹೆಸರೂ ಇದೆ. ಹಿರಿಯ ನಾಗರಿಕರ ಚಿಕಿತ್ಸೆಗೆ 1 ಲಕ್ಷದವರೆಗೆ ಬಿಡುತ್ತಾರೆ. ಅದು ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಅದೂ ತೆರಿಗೆ ಕಟ್ಟುವಷ್ಟು ದುಡಿಯುವವರಿಗೆ. ಬೀಡಿ ಕಟ್ಟಿ ಬದುಕಿದ ಮನೆಗೆ ಅದರಿಂದ ಎಂತ ಪ್ರಯೋಜನ?

ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದವರು. ಈಗ ಹಳೆ ಕ್ಯಾಲೆಂಡರಿನ ಹಾಳೆ ಕೈಗೆ ಸಿಕ್ಕಿದರೆ ಕತ್ತರಿ ಕೇಳುತ್ತಾರೆ. ಎಲೆಯ ಅಳತೆಗೆ ಸರಿಯಾಗಿ ಕತ್ತರಿಸುತ್ತಾರೆ, ಸುತ್ತುತ್ತಾರೆ, ಉಗುರಿನಲ್ಲಿ ತುದಿ ಮಡಚುತ್ತಾರೆ, 25 ಆದ ಕೂಡಲೇ ಕಟ್ಟು ಹಾಕಲು ನೂಲು ಹುಡುಕುತ್ತಾರೆ. ನನ್ನ ಹೆಸರು ನೆನಪಿಗೆ ಬರುವುದಿಲ್ಲ, 25ರ ಲೆಕ್ಕ ತಪ್ಪುವುದಿಲ್ಲ.

ಇವರನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನೆನಪಿನ ಪರೀಕ್ಷೆ ಕನ್ನಡದಲ್ಲಿ ಮಾಡಿದರು. ಅಮ್ಮನಿಗೆ ತುಳು ಬಿಟ್ಟರೆ ಬೇರೆ ಭಾಷೆ ಅಷ್ಟಕ್ಕಷ್ಟೇ. ಈಗ ಯಾವ ತಿಂಗಳು ಅಂತ ಕೇಳಿದರು. ಅಮ್ಮ "ಆಟಿ" ಅಂದರು. ಆಟಿ ಅಂದರೆ ತುಳುವಿನಲ್ಲಿ ಮಳೆಗಾಲದ ಒಂದು ತಿಂಗಳು. ಆಗ ಆಟಿಯೇ ನಡೆಯುತ್ತಿತ್ತು, ಹೊರಗೆ ಜೋರು ಮಳೆ. ಬರೆದುಕೊಳ್ಳುತ್ತಿದ್ದ ಹುಡುಗ ಈ ಕಡೆಯವನಲ್ಲ, ಸೊನ್ನೆ ಹಾಕಿದ. ಆಮೇಲೆ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದ. ಗಡಿಯಾರದ ಚಿತ್ರ ಬಿಡಿಸಿ ಅಂದ. ಪೆನ್ನು ಹಿಡಿದೇ ಗೊತ್ತಿಲ್ಲದ ಕೈ ಅದು. ಆ ಹುಡುಗನನ್ನು ನಾನು ದೂರುವುದಿಲ್ಲ. ತುಳು ಮಾತಾಡುವ, ಶಾಲೆಗೆ ಹೋಗದ ಹೆಂಗಸರಿಗೆ ಅಂತ ಮಾಡಿದ ಪರೀಕ್ಷೆ ಅವನ ಕೈಯಲ್ಲಿ ಇರಲಿಲ್ಲ.

ಅದನ್ನು ಯಾರಾದರೂ ಮಾಡಬೇಕಲ್ಲ? ಅದೇ ಸಂಶೋಧನೆ. ಅದಕ್ಕೇ ದುಡ್ಡು ಬೇಕು. ಸಂಶೋಧನೆಗೆ ಕೊಟ್ಟರೆ ನಮ್ಮ ಪಾಲು ಹೋಯಿತು, ನಮಗೆ ಕೊಟ್ಟರೆ ಸಂಶೋಧನೆ ನಿಂತಿತು ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ತಾಲೂಕಿಗೊಂದು ಹಗಲಿನ ಆರೈಕೆ ಕೇಂದ್ರ ಕೊಡಿ, ಮನೆಗೆ ಬರುವ ಒಬ್ಬ ನರ್ಸ್ ಕೊಡಿ. ಅವರು ನಮ್ಮ ಅಮ್ಮಂದಿರನ್ನು ಅವರ ಭಾಷೆಯಲ್ಲೇ ಮಾತಾಡಿಸಿ ಬರೆದಿಡಲಿ. ನಮಗೆ ಸ್ವಲ್ಪ ಉಸಿರು ಸಿಗುತ್ತದೆ, ವಿಜ್ಞಾನಿಗಳಿಗೆ ದಾಖಲೆ ಸಿಗುತ್ತದೆ. ನಿಮಗೆ ಎಂತ ಅನಿಸುತ್ತದೆ?

ದೇರಳಕಟ್ಟೆ ವಿದ್ಯಾರ್ಥಿ:

ಅಕ್ಕ, ನಾನು ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವವನು. ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಒಂದಷ್ಟು ಸೇರಿಸುತ್ತೇನೆ, ಯಾಕೆಂದರೆ ಸಂಶೋಧನೆ ಅಂದರೆ ಇಲಿ ಮತ್ತು ಮೈಕ್ರೋಸ್ಕೋಪ್ ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ.

ಭಾರತದಲ್ಲಿ 60 ದಾಟಿದವರಲ್ಲಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಅನ್ನುವ ಅಂದಾಜು 2023ರಲ್ಲಿ ಪ್ರಕಟವಾಯಿತು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಈಗ ಎಲ್ಲರೂ ಹೇಳುವುದು ಇದೇ ಲೆಕ್ಕ. ಲಾಸಿ-ಡ್ಯಾಡ್ ಅಂತ ಆ ಅಧ್ಯಯನದ ಹೆಸರು, ದೆಹಲಿಯ ಏಮ್ಸ್ ಕೂಡ ಅದರಲ್ಲಿ ಇದೆ. ಅದಕ್ಕೆ ದುಡ್ಡು ಕೊಟ್ಟದ್ದು ಯಾರು ಗೊತ್ತಾ? ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ಅಂದರೆ ಅಲ್ಲಿನ ತೆರಿಗೆದಾರರು. ನಮ್ಮ ಅಜ್ಜಿಯರ ಲೆಕ್ಕ ತೆಗೆಯಲಿಕ್ಕೂ ಹೊರಗಿನ ದುಡ್ಡು. 2025ರಲ್ಲಿ ಅದೇ ಎನ್‌ಐಎಚ್, ಅಲ್ಲಿನ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಒಂದು ಪಾಲು ಹೊರದೇಶಗಳಿಗೆ ಹೋಗುವ ಹಳೆ ಪದ್ಧತಿ ನಿಲ್ಲಿಸುತ್ತೇವೆ ಅಂತ ಹೇಳಿತು. ಅವರ ದುಡ್ಡು, ಅವರ ತೀರ್ಮಾನ. ನಾವು ಅದನ್ನೇ ನಂಬಿಕೊಂಡು ಕೂತರೆ ಹೇಗೆ?

ಬೆಂಗಳೂರಿನ ಐಐಎಸ್‌ಸಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವನ್ನೇ ನೋಡಿ. ಕೋಲಾರದ ಶ್ರೀನಿವಾಸಪುರ ತಾಲೂಕಿನಲ್ಲಿ 45 ದಾಟಿದ 10,000 ಹಳ್ಳಿಯವರನ್ನು ವರ್ಷಗಟ್ಟಲೆ ಹಿಂಬಾಲಿಸುವ ದೊಡ್ಡ ಕೆಲಸಕ್ಕೆ ಕೈಹಾಕಿದ್ದಾರೆ. ಆ ಕೇಂದ್ರ ಶುರುವಾದದ್ದು ಇನ್ಫೋಸಿಸ್‌ನ ಕ್ರಿಸ್ ಗೋಪಾಲಕೃಷ್ಣನ್ ದಂಪತಿ ಕೊಟ್ಟ 225 ಕೋಟಿ ರೂಪಾಯಿಯಿಂದ. ಅವರಿಗೆ ಕೈಮುಗಿಯಬೇಕು. ಆದರೆ 88 ಲಕ್ಷ ಜನರ ಕಾಯಿಲೆಯನ್ನು ದಾನಿಗಳ ಮೇಲೆ ಬಿಟ್ಟು ಕೂರಲು ಆಗುವುದಿಲ್ಲ ಅಲ್ವಾ? ಅಮೆರಿಕದಲ್ಲಿ 2011ರಲ್ಲಿ ಅಲ್‌ಝೈಮರ್ಸ್‌ಗೆಂದೇ ಕಾನೂನು ಬಂತು. ಆಗ ವರ್ಷಕ್ಕೆ 50 ಕೋಟಿ ಡಾಲರ್‌ಗಿಂತ ಕಡಿಮೆ ಇದ್ದ ಸರ್ಕಾರಿ ಸಂಶೋಧನಾ ಹಣ ಈಗ 350 ಕೋಟಿ ಡಾಲರ್ ದಾಟಿದೆ. ಅದು ಸುಮ್ನೆ ಆಗಲಿಲ್ಲ, ಕುಟುಂಬದವರು ವರ್ಷ ವರ್ಷ ಹೋಗಿ ಸಂಸದರ ಮುಂದೆ ಕೂತು ಕೇಳಿದ್ದಕ್ಕೆ ಆಯಿತು.

ಇನ್ನು ಭಾಷೆಯ ವಿಷಯ. ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡದವರು ಹೈದರಾಬಾದ್‌ನ ನಿಮ್ಸ್ ಆಸ್ಪತ್ರೆಯಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿದರು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಓದು ಬರಹ ಇಲ್ಲದವರಲ್ಲೂ ಹಾಗೇ ಕಂಡಿತು. ಇದು 2013ರಲ್ಲಿ ಪ್ರಕಟವಾದದ್ದು. ಈಗ ಯೋಚನೆ ಮಾಡಿ. ಮಂಗಳೂರಿನ ಮೀನು ಮಾರ್ಕೆಟ್‌ನಲ್ಲಿ ಒಬ್ಬ ಹೆಂಗಸು ಒಂದೇ ಬೆಳಿಗ್ಗೆ ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕರಲ್ಲೂ ಚೌಕಾಶಿ ಮಾಡುತ್ತಾಳೆ. ಇಂಥ ಊರು ಜಗತ್ತಿನಲ್ಲಿ ಎಷ್ಟಿವೆ? ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕನ್ನಡ, ತೆಲುಗು, ಮಲಯಾಳಂ ಮುಂತಾದ ಭಾಷೆಗಳಿಗೆ ಪರೀಕ್ಷೆಗಳನ್ನು ಹೊಂದಿಸಿದೆ, ಓದು ಬರಹ ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಅದೇ ಕೆಲಸ ತುಳು, ಬ್ಯಾರಿ, ಕೊಂಕಣಿಗೆ ಆಗಬೇಕು. ಅದಕ್ಕೆ ನೂರಾರು ಕೋಟಿ ಬೇಡ. ಇಲ್ಲಿ ಇಷ್ಟೊಂದು ಮೆಡಿಕಲ್ ಕಾಲೇಜು ಇವೆ, ಆಯಾ ಭಾಷೆ ಬಲ್ಲ ಹುಡುಗ ಹುಡುಗಿಯರು ಇದ್ದಾರೆ. ಕೆಲವು ವರ್ಷದ ಫೆಲೋಶಿಪ್ ಹಣ ಬಂದರೆ ಸಾಕು.

ಮಸ್ಕತ್‌ನಿಂದ:

ನಾನು ಕುಂದಾಪುರದವ, ಗಲ್ಫ್‌ನಲ್ಲಿ ದುಡಿಯುತ್ತಿದ್ದೇನೆ. ಅಪ್ಪನಿಗೆ ಪಾರ್ಕಿನ್ಸನ್. ನಾನು ಮನಸ್ಸಿನಲ್ಲಿ ಇದ್ದದ್ದನ್ನು ಹೇಳುತ್ತೇನೆ, ಯಾರೂ ಬೇಜಾರು ಮಾಡಬೇಡಿ. ಸರ್ಕಾರದಿಂದ ಇಷ್ಟೆಲ್ಲ ಬರುತ್ತದೆ ಅಂತ ನನಗೆ ನಂಬಿಕೆ ಇಲ್ಲ. 1000 ರೂಪಾಯಿಗೆ ಎಂತ ಬರುತ್ತದೆ? ಅಪ್ಪನಿಗೆ ಹೋಮ್ ನರ್ಸ್ ಇಟ್ಟಿದ್ದೇವೆ, ಏಜೆನ್ಸಿಗೆ ಕೊಡುವುದೇ ತಿಂಗಳಿಗೆ 25 ಸಾವಿರದ ಮೇಲೆ, ಅದೂ ಊಟ ವಸತಿ ನಮ್ಮದೇ. ಇಂಥದ್ದಕ್ಕೆಲ್ಲ ಸರ್ಕಾರ ಕೊಡಲು ಶುರು ಮಾಡಿದರೆ ಬೊಕ್ಕಸ ಉಳಿಯುತ್ತದಾ? ಇರುವ ದುಡ್ಡನ್ನು ಔಷಧ ಕಂಡುಹಿಡಿಯಲು ಹಾಕುವುದೇ ಒಳ್ಳೆಯದು. ಒಂದು ಸಲ ಮದ್ದು ಸಿಕ್ಕಿದರೆ ಮುಂದಿನ ತಲೆಮಾರಿಗೆ ಈ ಕಷ್ಟವೇ ಇಲ್ಲ. ಪೋಲಿಯೋಗೆ ಹಾಗೇ ಆಯಿತಲ್ಲ?

ದೇರಳಕಟ್ಟೆ ವಿದ್ಯಾರ್ಥಿ:

ಅಣ್ಣ, ಪೋಲಿಯೋಗೆ ಕಾರಣ ಒಂದು ವೈರಸ್. ಇಲ್ಲಿ ಹಾಗೆ ಒಂದೇ ಕಾರಣ ಇಲ್ಲ. ಲೆಕನೆಮ್ಯಾಬ್ ಅನ್ನುವ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಮೆದುಳಿನಲ್ಲಿ ಸೇರುವ ಅಮೈಲಾಯ್ಡ್ ಅನ್ನುವ ಪ್ರೋಟೀನನ್ನು ತೆಗೆಯುತ್ತದೆ. ಪ್ರಯೋಗದಲ್ಲಿ 18 ತಿಂಗಳಲ್ಲಿ ಕಾಯಿಲೆ ಮುಂದುವರಿಯುವುದು ಶೇಕಡ 27ರಷ್ಟು ನಿಧಾನವಾಯಿತು. ನಿಧಾನವಾಯಿತು ಅಷ್ಟೇ, ನಿಲ್ಲಲಿಲ್ಲ, ಹೋದ ನೆನಪು ಮರಳಿ ಬರಲಿಲ್ಲ. ಅದೂ ಶುರುವಿನ ಹಂತದಲ್ಲಿ ಇರುವವರಿಗೆ ಮಾತ್ರ. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್, ಮೆದುಳಿನಲ್ಲಿ ಊತ ಅಥವಾ ರಕ್ತಸ್ರಾವ ಆಗಿದೆಯಾ ಅಂತ ಮತ್ತೆ ಮತ್ತೆ ಎಂಆರ್‌ಐ. ಅಲ್ಲಿ ಅದರ ಬೆಲೆ ವರ್ಷಕ್ಕೆ 26,500 ಡಾಲರ್ ಇಟ್ಟಿದ್ದರು.

ನಾನು ಔಷಧದ ಸಂಶೋಧನೆ ಬೇಡ ಅನ್ನುವುದಿಲ್ಲ, ನನ್ನ ಅನ್ನವೇ ಅದು. ಆದರೆ ನಾಳೆ ಇದಕ್ಕಿಂತ ಒಳ್ಳೆ ಮದ್ದು ಬಂದರೂ, ಶುರುವಿನಲ್ಲೇ ಕಾಯಿಲೆ ಗುರುತಿಸುವವರು ಬೇಕು. ಈಗ ನಮ್ಮಲ್ಲಿ ಎಂತ ಆಗುತ್ತದೆ? ವಯಸ್ಸಾಯಿತು, ಅರಳು ಮರುಳು ಅಂತ ಸುಮ್ಮನಾಗುತ್ತೇವೆ. ದಾರಿ ತಪ್ಪಿ ಎಲ್ಲೋ ಸಿಕ್ಕಿದ ಮೇಲೆ ಡಾಕ್ಟರ ಹತ್ತಿರ ಹೋಗುತ್ತೇವೆ. ಆಗ ಆ ಔಷಧದ ಕಾಲ ಮುಗಿದಿರುತ್ತದೆ.

ತಡೆಯುವ ಕಡೆಯೂ ಕೆಲಸ ಉಂಟು. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ವರದಿ 14 ಕಾರಣಗಳನ್ನು ಹೇಳಿದೆ. ಬಿಪಿ, ಶುಗರ್, ಕೊಲೆಸ್ಟರಾಲ್, ಕಿವಿ ಕೇಳದಿರುವುದು, ಓದು ಸಿಗದಿರುವುದು, ಒಂಟಿತನ, ಹೀಗೆ. ಅಷ್ಟನ್ನೂ ಸರಿಪಡಿಸಿದರೆ ಸುಮಾರು ಶೇಕಡ 45ರಷ್ಟು ಡಿಮೆನ್ಶಿಯಾ ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ಅಜ್ಜನ ಕಿವಿಗೆ ಒಂದು ಮೆಷಿನ್ ಕೊಡಿಸುವುದೂ ಇದೇ ಖಾತೆಗೆ ಬರುತ್ತದೆ.

ಬ್ರಹ್ಮಾವರದಿಂದ:

ನನ್ನ ಗಂಡನಿಗೆ ಎಎಲ್‌ಎಸ್. ಮೋಟಾರ್ ನ್ಯೂರಾನ್ ಕಾಯಿಲೆ ಅನ್ನುತ್ತಾರಲ್ಲ, ಅದು. ಇಲ್ಲಿ ಎಲ್ಲರೂ ಮರೆವಿನ ಬಗ್ಗೆ ಮಾತಾಡುತ್ತಿದ್ದೀರಿ, ನಮ್ಮವರಿಗೆ ಎಲ್ಲವೂ ನೆನಪುಂಟು. ಬುದ್ಧಿ ಚುರುಕು. ಕೈಕಾಲು ಹೋಯಿತು, ಮಾತು ಹೋಯಿತು, ಈಗ ನುಂಗುವುದು ಕಷ್ಟ. ಮಗಳು ಅಕ್ಷರದ ಹಲಗೆ ಹಿಡಿಯುತ್ತಾಳೆ, ಅವರು ಕಣ್ಣಲ್ಲೇ ತೋರಿಸುತ್ತಾರೆ. ಮೊನ್ನೆ ಒಂದೊಂದೇ ಅಕ್ಷರ ತೋರಿಸಿ "ಕರೆಂಟ್ ಬಿಲ್ ಕಟ್ಟಿದ್ದೀಯಾ" ಅಂತ ಕೇಳಿದರು. ಯಾಕೆಂದರೆ ರಾತ್ರಿ ಉಸಿರಾಟಕ್ಕೆ ಬೈಪ್ಯಾಪ್ ಅನ್ನುವ ಮೆಷಿನ್ ಹಾಕುತ್ತೇವೆ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಇನ್ವರ್ಟರ್‌ಗೆ ಎರಡು ಬ್ಯಾಟರಿ ಇಟ್ಟಿದ್ದೇವೆ. ಕಫ ತೆಗೆಯುವ ಸಕ್ಷನ್ ಮೆಷಿನ್ ಬೇರೆ.

ರಿಲುಜೋಲ್ ಅನ್ನುವ ಮಾತ್ರೆ ಉಂಟು, 1995ರಿಂದ ಇರುವುದು. ಕೆಲವು ತಿಂಗಳು ಆಯುಸ್ಸು ಹೆಚ್ಚಿಸುತ್ತದೆ ಅಷ್ಟೇ. 2014ರಲ್ಲಿ ತಲೆ ಮೇಲೆ ಐಸ್ ನೀರು ಸುರಿದುಕೊಂಡದ್ದು ನೆನಪಿದೆಯಾ? ಅದು ಈ ಕಾಯಿಲೆಗೆ ದುಡ್ಡು ಎತ್ತಲು. ಅಮೆರಿಕದ ಎಎಲ್‌ಎಸ್ ಸಂಘವೊಂದಕ್ಕೇ 11.5 ಕೋಟಿ ಡಾಲರ್ ಬಂತು, ಅದರಲ್ಲಿ ಸಂಶೋಧನೆಗೂ ಹೋಯಿತು. 2021ರ ಕೊನೆಗೆ ಅಲ್ಲಿ ಎಎಲ್‌ಎಸ್‌ಗೆಂದೇ ಕಾನೂನು ಆಗಿ ವರ್ಷಕ್ಕೆ 10 ಕೋಟಿ ಡಾಲರ್‌ವರೆಗೆ ಕೊಡಲು ಅವಕಾಶ ಆಯಿತು. 2023ರಲ್ಲಿ ಟೊಫರ್ಸೆನ್ ಅನ್ನುವ ಔಷಧ ಬಂತು, ಎಸ್‌ಒಡಿ1 ಅನ್ನುವ ಜೀನ್ ದೋಷ ಇರುವ ಸ್ವಲ್ಪ ಜನಕ್ಕೆ ಮಾತ್ರ. ನಾನು ಇದನ್ನೆಲ್ಲ ರಾತ್ರಿ ಕೂತು ಓದುತ್ತೇನೆ. ನಮ್ಮವರಿಗೆ ಆಗದಿದ್ದರೂ ಇನ್ನೊಬ್ಬರಿಗೆ ಆಗಲಿ.

ಆ 1000 ರೂಪಾಯಿ ಪಟ್ಟಿಯಲ್ಲಿ ನಮ್ಮ ಕಾಯಿಲೆಯ ಹೆಸರೂ ಇಲ್ಲ. ಮಸ್ಕತ್ ಸರ್, ನಿಮ್ಮ ಅಪ್ಪನ ಕಾಯಿಲೆ ಅದರಲ್ಲಿ ಉಂಟು, ದಯವಿಟ್ಟು ಅರ್ಜಿ ಹಾಕಿ. ನಿಮಗೆ ಆ ದುಡ್ಡು ಬೇಡದಿರಬಹುದು. ಆದರೆ ಉಡುಪಿ ಜಿಲ್ಲೆಯಲ್ಲಿ ಇಷ್ಟು ಜನ ಇದ್ದಾರೆ ಅಂತ ಲೆಕ್ಕಕ್ಕಾದರೂ ಸಿಗಬೇಕು.

ಮಂಜೇಶ್ವರದವ:

ನಾವು ತಲಪಾಡಿ ಗೇಟಿನಿಂದ ಆಚೆ, ಕೇರಳದ ಕನ್ನಡಿಗರು. ದೊಡ್ಡ ಕಾಯಿಲೆ ಬಂದರೆ ನಾವು ಓಡುವುದು ಮಂಗಳೂರಿಗೇ, ಅಲ್ಲಿನಷ್ಟು ಆಸ್ಪತ್ರೆ ನಮ್ಮಲ್ಲಿ ಇಲ್ಲ. ಆದರೆ ಮನೆಗೆ ವಾಪಸ್ ಬಂದ ಮೇಲಿನ ಕಥೆ ಬೇರೆ. ಕೇರಳ 2008ರಲ್ಲಿ ಪಾಲಿಯೇಟಿವ್ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಷ್ಟ ಕಡಿಮೆ ಮಾಡುವ ಆರೈಕೆಗೆ ನೀತಿ ಮಾಡಿತು. ಪಂಚಾಯತಿ ಹಣದಲ್ಲಿ ನರ್ಸ್ ಇರುತ್ತಾರೆ, ಮನೆ ಮನೆಗೆ ಬರುತ್ತಾರೆ. ಆಶಾ ಕಾರ್ಯಕರ್ತೆ, ವಾರ್ಡ್ ಮೆಂಬರ್ ಜೊತೆಗೆ ಬರುವುದೂ ಉಂಟು. ನನ್ನ ಅಜ್ಜಿ ಮಲಗಿದಲ್ಲೇ ಇದ್ದಾಗ ಬೆನ್ನು ಹುಣ್ಣಾಗದಂತೆ ಹೇಗೆ ಮಗ್ಗುಲು ತಿರುಗಿಸುವುದು ಅಂತ ಅಮ್ಮನಿಗೆ ಕಲಿಸಿದ್ದೇ ಆ ಸಿಸ್ಟರ್. ತಲೆದಿಂಬು ಮಂಡಿಯ ನಡುವೆ ಇಡಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೇಲೆತ್ತಿ ಇಡಿ, ಎರಡು ಗಂಟೆಗೊಮ್ಮೆ ತಿರುಗಿಸಿ. ಇಷ್ಟೇ. ಇಷ್ಟು ಹೇಳಿಕೊಡುವವರು ಇಲ್ಲದೆ ಎಷ್ಟು ಮನೆಯಲ್ಲಿ ಹುಣ್ಣು ಎಲುಬಿನವರೆಗೆ ಹೋಗುತ್ತದೆ.

ಆಶ್ವಾಸಕಿರಣಂ ಅಂತ ಇನ್ನೊಂದು ಯೋಜನೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ಸರ್ಕಾರದ ಹತ್ತಿರ ದುಡ್ಡಿಲ್ಲ ಅಂದಾಗ ಬಾಕಿ ಉಳಿಯುತ್ತದೆ, ಎಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಹಾಗಾಗಿ ನನಗೆ ಕೇಳಿದರೆ ಕೈಗೆ ಬರುವ ಭತ್ಯೆಗಿಂತ ಮನೆಗೆ ಬರುವ ನರ್ಸ್ ದೊಡ್ಡದು. ಭತ್ಯೆ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ, ನರ್ಸ್ ಬರುವುದು ನಿಂತರೆ ಇಡೀ ಊರು ಕೇಳುತ್ತದೆ.

ಮಣಿಪಾಲದ ಸಿಸ್ಟರ್:

ನಾನು ನರ್ಸ್. ಮಂಜೇಶ್ವರದವರ ಮಾತು ನೂರಕ್ಕೆ ನೂರು ನಿಜ. ಒಂದು ವಿಷಯ ಸೇರಿಸುತ್ತೇನೆ. ನೋಡಿಕೊಳ್ಳುವವರನ್ನು ಎಂತ ಬೇಕು ಅಂತ ಕೇಳಿ ನೋಡಿ, ಮೊದಲು ಬಾಯಿಗೆ ಬರುವುದು ದುಡ್ಡಲ್ಲ. "ಒಂದು ರಾತ್ರಿ ನಿದ್ದೆ ಮಾಡಬೇಕು ಸಿಸ್ಟರ್" ಅನ್ನುತ್ತಾರೆ. ಜಾಸ್ತಿ ಸೊಸೆಯಂದಿರು, ಹೆಣ್ಣುಮಕ್ಕಳು. ಅವರಿಗೇ ಬಿಪಿ ಇರುತ್ತದೆ, ಚೆಕ್ ಮಾಡಿಸಿಕೊಂಡಿರುವುದಿಲ್ಲ.

ಜಪಾನ್‌ನಲ್ಲಿ 2000ದಿಂದ ದೀರ್ಘಕಾಲದ ಆರೈಕೆಗೆಂದೇ ವಿಮೆ ಉಂಟು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಬೆಳಿಗ್ಗೆ ವ್ಯಾನ್ ಮನೆಗೆ ಬಂದು ಹಿರಿಯರನ್ನು ಹಗಲಿನ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತದೆ, ಸ್ನಾನ ಊಟ ಆಟ ಎಲ್ಲ ಆಗಿ ಸಂಜೆ ತಂದು ಬಿಡುತ್ತದೆ. ಅಮೆರಿಕದಲ್ಲೂ 2024ರ ಜುಲೈಯಿಂದ ಗೈಡ್ ಅಂತ ಒಂದು ಪ್ರಯೋಗ ನಡೆಯುತ್ತಿದೆ. ಡಿಮೆನ್ಶಿಯಾ ಇರುವವರ ಮನೆಯವರಿಗೆ ವಿರಾಮ ಸಿಗಲಿ ಅಂತ ಅಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ ವರ್ಷಕ್ಕೆ 2,500 ಡಾಲರ್‌ವರೆಗಿನ ಖರ್ಚು ಕೊಡುತ್ತದೆ. ಎಂಟು ವರ್ಷ ನಡೆಸಿ, ಇದರಿಂದ ಆಸ್ಪತ್ರೆ ಖರ್ಚು ಇಳಿಯುತ್ತದಾ ಅಂತ ಅಳೆಯುತ್ತಾರೆ. ನೋಡಿ, ಆರೈಕೆಯೂ ಸಂಶೋಧನೆಯೂ ಒಟ್ಟಿಗೆ. ಕಾಪುವಿನ ಅಕ್ಕ ಹೇಳಿದ್ದೂ ಇದನ್ನೇ.

ಆಯುಷ್ಮಾನ್ ಕಾರ್ಡ್ 70 ದಾಟಿದ ಎಲ್ಲರಿಗೂ ಕೊಡುತ್ತೇವೆ, ವರ್ಷಕ್ಕೆ 5 ಲಕ್ಷ ಅಂತ 2024ರಲ್ಲಿ ಹೇಳಿದರು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಮಾತ್ರ. ಡಿಮೆನ್ಶಿಯಾ ಇರುವವರ ಬದುಕು ನಡೆಯುವುದು ಮನೆಯಲ್ಲಿ. ಡಯಾಪರ್, ಮಾತ್ರೆ, ಹೋಮ್ ನರ್ಸ್, ಯಾವುದೂ ಆ ಕಾರ್ಡಿಗೆ ಬರುವುದಿಲ್ಲ.

ಮತ್ತೆ ಮಸ್ಕತ್ ಅಣ್ಣನಿಗೆ, ಮತ್ತು ಪಾರ್ಕಿನ್ಸನ್ ಇರುವ ಎಲ್ಲ ಮನೆಯವರಿಗೆ ಒಂದು ಮಾತು. ನಸುಗುನ್ನಿ ಬೀಜದ ಪುಡಿ ಕೊಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಅದರಲ್ಲಿ ಲೆವೊಡೋಪಾ, ಅಂದರೆ ಪಾರ್ಕಿನ್ಸನ್ ಮಾತ್ರೆಯಲ್ಲಿ ಇರುವ ಮದ್ದೇ, ಇರುವುದು ನಿಜ. ಅದಕ್ಕೇ ಡಾಕ್ಟರಿಗೆ ಹೇಳದೆ ಕೊಡಬೇಡಿ, ಮಾತ್ರೆಯ ಜೊತೆ ಸೇರಿ ಡೋಸ್ ಜಾಸ್ತಿ ಆಗುತ್ತದೆ.

ಮಸ್ಕತ್‌ನಿಂದ:

ಸಿಸ್ಟರ್, ಥ್ಯಾಂಕ್ಸ್. ಅಮ್ಮ ಯಾರೋ ಹೇಳಿದರು ಅಂತ ಆ ಪುಡಿ ತರಿಸಿಟ್ಟಿದ್ದಾರೆ, ಇವತ್ತೇ ಫೋನ್ ಮಾಡುತ್ತೇನೆ. ಬ್ರಹ್ಮಾವರದ ಅಕ್ಕ, ಅರ್ಜಿ ಹಾಕಿಸುತ್ತೇನೆ. ಹಗಲಿನ ಕೇಂದ್ರ ಆದರೆ ನಮ್ಮಂಥವರು ಹೊರಗಿನಿಂದ ದುಡ್ಡು ಹಾಕಲೂ ತಯಾರಿದ್ದೇವೆ. ಜಾಗ ಎಲ್ಲಿ?

ಕೊಕ್ಕಡದಿಂದ:

ಜಾಗದ ವಿಷಯ ಬಂತಲ್ಲ ಮಾರಾಯ್ರೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಪೀಡಿತರ ಹಗಲಿನ ಆರೈಕೆ ಕೇಂದ್ರ ಉಂಟು, ಕೊಯಿಲದಲ್ಲೂ ಮಾಡಿದರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಮದ್ದು ಹೊಡೆದು ವರ್ಷಗಳ ಮೇಲೆ, ಜನ ಬೀದಿಗೆ ಬಂದು, ಮನೆಮನೆ ಲೆಕ್ಕ ಆಗಿ, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರುವವರೆಗೆ ಹೋರಾಟ ನಡೆಯಿತು. ಮಾಸಾಶನ ಬಂತು, ಕೇಂದ್ರ ಬಂತು, ಮಕ್ಕಳನ್ನು ಕರೆತರಲು ವಾಹನ ಬಂತು. ಆ ಕಾಯಿಲೆ ಬೇರೆ, ನಿಮ್ಮದು ಬೇರೆ, ನನಗೆ ಗೊತ್ತುಂಟು. ಆದರೆ ಮನೆಯವರಿಗೆ ಹಗಲು ಹೊತ್ತು ಕೈ ಬಿಡುವು ಮಾಡಿಕೊಡುವ ಕೇಂದ್ರವನ್ನು ಸರ್ಕಾರ ನಮ್ಮ ಜಿಲ್ಲೆಯಲ್ಲೇ ನಡೆಸಿದೆ. ಅದು ಹೇಗೆ ನಡೆಯುತ್ತದೆ, ಏನು ಕೊರತೆ ಅಂತ ಆ ತಾಯಂದಿರನ್ನು ಕೇಳಿ. ಅವರಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಜಾಗಕ್ಕೆ ಇನ್ನೊಂದು ದಾರಿ, ಮಕ್ಕಳಿಲ್ಲದೆ ಮುಚ್ಚಿದ ಸರ್ಕಾರಿ ಶಾಲೆಗಳು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಇವೆ. ಬಾವಿ ಉಂಟು, ಅಡುಗೆ ಕೋಣೆ ಉಂಟು, ಸುತ್ತ ಕಂಪೌಂಡ್ ಇರುವಲ್ಲಿ ಅಜ್ಜ ಅಜ್ಜಿ ದಾರಿ ತಪ್ಪುವ ಹೆದರಿಕೆಯೂ ಇಲ್ಲ. ಪಾಯಿಖಾನೆ ಮಾತ್ರ ಬೇರೆ ಕಟ್ಟಿಸಬೇಕು.

ಕಾಪುವಿನ ಮಗಳು:

ಕೊಕ್ಕಡದವರೇ, ಶಾಲೆಯ ಮಾತು ಬಹಳ ಒಳ್ಳೆಯದಾಯಿತು. ನಮ್ಮ ಊರಿನಲ್ಲೇ ಹಾಗೆ ಬೀಗ ಹಾಕಿದ ಒಂದು ಶಾಲೆ ಉಂಟು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರೆದು ಕೊಡುತ್ತೇನೆ, ನಡಾವಳಿಯಲ್ಲಿ ದಾಖಲಿಸಿ ಅಂತ ಕೇಳುತ್ತೇನೆ. ಮನವಿಯಲ್ಲಿ ಭತ್ಯೆಯ ಪಟ್ಟಿಗೆ ಡಿಮೆನ್ಶಿಯಾ ಮತ್ತು ಎಎಲ್‌ಎಸ್ ಎರಡನ್ನೂ ಸೇರಿಸಿ ಅಂತ ಹಾಕುತ್ತೇನೆ, ಬ್ರಹ್ಮಾವರದ ಅಕ್ಕ.

ಇನ್ನೊಂದು ವಿಷಯ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಮೆದುಳಿನ ಆರೋಗ್ಯಕ್ಕೆ ಕಭಿ ಅನ್ನುವ ಕಾರ್ಯಕ್ರಮ ಶುರು ಮಾಡಿದ್ದು ನಿಮಗೆ ಗೊತ್ತಿರಬಹುದು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನಲ್ಲಿ ಮೊದಲು ನೋಡಿ ಆಮೇಲೆ ಬೇರೆ ಜಿಲ್ಲೆಗಳಿಗೂ ತಂದರು. ಪಾರ್ಶ್ವವಾಯು, ಅಪಸ್ಮಾರ, ತಲೆನೋವು, ಡಿಮೆನ್ಶಿಯಾ ನಾಲ್ಕನ್ನೂ ಸಾಮಾನ್ಯ ಡಾಕ್ಟರುಗಳೇ ಗುರುತಿಸುವಂತೆ ತರಬೇತಿ ಕೊಡುತ್ತಾರೆ. ದೇರಳಕಟ್ಟೆ ತಮ್ಮ, ತುಳು, ಬ್ಯಾರಿ, ಕೊಂಕಣಿ ಪರೀಕ್ಷೆಯ ಬೇಡಿಕೆಯನ್ನು ಇದರ ಜೊತೆಗೇ ಇಡಬಹುದಾ? ಹೊಸ ಇಲಾಖೆ ಬೇಡ, ಇರುವ ಕೆಲಸಕ್ಕೇ ಒಂದು ಕೊಂಡಿ.

ದೇರಳಕಟ್ಟೆ ವಿದ್ಯಾರ್ಥಿ:

ಖಂಡಿತ ಇಡಬಹುದು ಅಕ್ಕ, ಅದೇ ಸರಿಯಾದ ಜಾಗ. ಒಂದು ಪುಟದ ಟಿಪ್ಪಣಿ ನಾನು ಬರೆದುಕೊಡುತ್ತೇನೆ. ತಿಂಗಳ ಪ್ರಶ್ನೆಗೆ ಆಟಿ, ಸೋಣ ಅಂದರೂ ಸರಿ ಉತ್ತರ ಅಂತ ಮೊದಲನೇ ಸಾಲಿನಲ್ಲೇ ಹಾಕುತ್ತೇನೆ. ಏಳು ಕಳೆಯುವ ಬದಲು ಬೀಡಿ ಕಟ್ಟು, ಮೀನಿನ ಲೆಕ್ಕ, ಹೂವಿನ ಚೆಂಡಿನ ಲೆಕ್ಕ ಕೇಳಿದರೆ ಹೇಗೆ ಅಂತಲೂ ನೋಡಬೇಕು. ಅದನ್ನು ಕಾಯಿಲೆ ಇರುವವರಲ್ಲೂ ಇಲ್ಲದವರಲ್ಲೂ ಕೇಳಿ ಹೋಲಿಸಬೇಕು, ಇಲ್ಲದಿದ್ದರೆ ಪರೀಕ್ಷೆ ಅಂತ ಯಾರೂ ಒಪ್ಪುವುದಿಲ್ಲ.

ಸುಳ್ಯದ ಸೊಸೆ:

ನಾನು ಇಷ್ಟು ಹೊತ್ತು ಓದುತ್ತಾ ಇದ್ದೆ. ಮಾವನಿಗೆ ಪಾರ್ಕಿನ್ಸನ್. ಭತ್ಯೆಗೆ ಅರ್ಜಿ ಹಾಕಬೇಕಾದರೆ ಮೊದಲು ಎಂತ ಮಾಡಬೇಕು? ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಿಲ್ಲ.

ಮಣಿಪಾಲದ ಸಿಸ್ಟರ್:

ಮೊದಲು ಯುಡಿಐಡಿ ಕಾರ್ಡ್ ಮಾಡಿಸಿ, ಅಂಗವಿಕಲರ ಗುರುತಿನ ಚೀಟಿ ಅದು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಫೋಟೋ, ನರರೋಗ ತಜ್ಞರ ಚೀಟಿ, ಹಳೆ ರಿಪೋರ್ಟುಗಳ ಜೆರಾಕ್ಸ್ ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ನೋಡಿ ಶೇಕಡಾವಾರು ಬರೆಯುತ್ತಾರೆ. ನಿಮ್ಮ ಗ್ರಾಮ ಪಂಚಾಯತಿಯಲ್ಲಿ ವಿಆರ್‌ಡಬ್ಲ್ಯು ಅಂತ ಒಬ್ಬರು ಇರುತ್ತಾರೆ, ಅಂಗವಿಕಲರ ಕೆಲಸ ನೋಡುವವರು. ಅವರನ್ನು ಹಿಡಿಯಿರಿ. ಅವರು ಸಿಗದಿದ್ದರೆ ತಾಲೂಕು ಪಂಚಾಯತಿಯ ಎಂಆರ್‌ಡಬ್ಲ್ಯು. ಹಿರಿಯರ ಸಹಾಯವಾಣಿ 14567ಕ್ಕೂ ಫೋನ್ ಮಾಡಬಹುದು. ನಿಮಗೇ ಮನಸ್ಸಿಗೆ ತಡೆಯಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಯಾವ ಹೊತ್ತಿಗೂ ಕನ್ನಡದಲ್ಲಿ ಮಾತಾಡುತ್ತಾರೆ.

ಆಸ್ಪತ್ರೆಗೆ ಹೋಗುವ ದಿನ ಮಾವನಿಗೆ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ, ಕ್ಯೂನಲ್ಲಿ ನಿಂತು ತಪ್ಪಿಸಬೇಡಿ. ಮಾತ್ರೆಯ ಪ್ರಭಾವ ಇಳಿದಾಗ ಕೈಕಾಲು ಹೇಗೆ ಬಿಗಿಯಾಗುತ್ತದೆ, ನಡೆಯಲು ಹೇಗೆ ಕಷ್ಟ ಆಗುತ್ತದೆ ಅಂತ ಮನೆಯಲ್ಲೇ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಮಾತ್ರೆ ತೆಗೆದುಕೊಂಡು ಬಂದವರು ಅಲ್ಲಿ ಚೆನ್ನಾಗಿಯೇ ನಡೆಯುತ್ತಾರೆ, ಆಗ ಶೇಕಡಾ ಕಡಿಮೆ ಬರೆದುಬಿಡುವುದು ಉಂಟು.